ಖಡಕ್ ರೊಟ್ಟಿಯ ಹತ್ತು ತಿಂಗಳು

ಫಕೀರವ್ವ ಅತ್ತೆ 'ಇಲ್ಲ' ಎಂದದ್ದು ಒಂದು ಸೋಮವಾರ, ಹಿತ್ತಲಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಾಗ. ಆ ಒಂದು ಮಾತಿಗೆ ಗದಗಿನ ಹೊರವಲಯದ ಆಹಾರ ವಿಜ್ಞಾನ ಸಂಸ್ಥೆಯಲ್ಲಿ, ನೀಲಗಂಗಾಳ ಕಂಪ್ಯೂಟರಿನ ಪರದೆಯ ಮೇಲೆ ನಾಲ್ಕನೇ ಅಧ್ಯಾಯ ಇಡಿಯಾಗಿ ಕೆಂಪಾಯಿತು.

ನೀಲಗಂಗಾ ಐದು ವರ್ಷಗಳಿಂದ ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ವಿಷಯ: ಖಡಕ್ ಜೋಳದ ರೊಟ್ಟಿ. ನಗುವವರೆಲ್ಲ ನಕ್ಕು ಮುಗಿಸಿದ್ದರು. ಚಂದ್ರನ ಮೇಲೆ ಠಾಣೆ ಕಟ್ಟಿ, ಜನ ಅಲ್ಲಿ ಬಾಡಿಗೆ ಮನೆಯಲ್ಲಿ ಇದ್ದ ಹಾಗೆ ಇರತೊಡಗಿದ ಮೇಲೆ ಅವರ ಹೊಟ್ಟೆಗೆ ಏನು ಹಾಕುವುದೆಂಬುದು ದೊಡ್ಡ ಪ್ರಶ್ನೆಯಾಗಿತ್ತು. ಹಗುರ, ನೀರಿನ ಪಸೆಯಿಲ್ಲ, ಬೇಗ ಕೆಡುವುದಿಲ್ಲ. ಖಡಕ್ ರೊಟ್ಟಿಗಿಂತ ಬೇರೇನು ಬೇಕು? ನೀಲಗಂಗಾ ಅದಕ್ಕೊಂದು ತೆಳು ಹೊದಿಕೆ ಕಂಡುಹಿಡಿದಿದ್ದಳು. ಅದರಲ್ಲಿ ಸುತ್ತಿಟ್ಟರೆ ರೊಟ್ಟಿಯ ಆಯುಷ್ಯ ದುಪ್ಪಟ್ಟಾಗುತ್ತದೆ ಎಂಬುದು ಅವಳ ವಾದ. ಯಾವುದರ ದುಪ್ಪಟ್ಟು? ಹತ್ತು ತಿಂಗಳಿನ ದುಪ್ಪಟ್ಟು. 'ಖಡಕ್ ರೊಟ್ಟಿ ಹತ್ತು ತಿಂಗಳು ಕೆಡುವುದಿಲ್ಲ' ಎಂಬ ಒಂದು ವಾಕ್ಯದ ಮೇಲೆ ನಾಲ್ಕನೇ ಅಧ್ಯಾಯ ನಿಂತಿತ್ತು. ಅಧ್ಯಾಯದ ಮೇಲೆ ಪದವಿ ನಿಂತಿತ್ತು. ಪದವಿಯ ಮೇಲೆ ಬಾಹ್ಯಾಕಾಶ ಇಲಾಖೆಯ ಅಡುಗೆ ವಿಭಾಗದ ನೌಕರಿ. ಪ್ರಬಂಧ ಒಪ್ಪಿಸಲು ತಿಂಗಳ ಕೊನೆಯವರೆಗೆ ಮಾತ್ರ ಅವಕಾಶ.

ಹೊದಿಕೆಯನ್ನು ಅವಳು ಅಳೆದಿದ್ದಳು, ತೂಗಿದ್ದಳು, ಹರಿದು ನೋಡಿದ್ದಳು. ಹತ್ತು ತಿಂಗಳನ್ನು ಮಾತ್ರ ಅಳೆದಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ಮಾತು.

ಕೆಂಪು ಮಾಡಿದ್ದು 'ಸಾಕ್ಷಿ' ಎಂಬ ತಂತ್ರಾಂಶ. ಹಿಂದೆ ಇಂಥ ತಂತ್ರಾಂಶಗಳು ಬರೀ ಕಪಾಟುಗಳಂತಿದ್ದವು. ಓದಿದ ಲೇಖನಗಳನ್ನು ಕಡತ ಮಾಡಿ ಜೋಡಿಸಿಡುವುದು, ಬರೆಯುವಾಗ ಬೇಕಾದ ಕಡೆ ಲೇಖಕರ ಹೆಸರು ಇಸವಿ ಸೇರಿಸುವುದು, ಕೊನೆಗೆ ಆಕರಗಳ ಪಟ್ಟಿಯನ್ನು ಕೇಳಿದ ಶೈಲಿಯಲ್ಲಿ ಹೊಂದಿಸಿ ಕೊಡುವುದು, ಇಷ್ಟೇ ಅವುಗಳ ಕೆಲಸ. ಆಮೇಲೆ ಯಂತ್ರಗಳೇ ಪ್ರಬಂಧ ಬರೆಯುವ ಕಾಲ ಬಂತು. ಹುಟ್ಟದ ಲೇಖಕರು ಬರೆಯದ ಪುಸ್ತಕಗಳಿಂದ ಪುಟಗಟ್ಟಲೆ ಆಧಾರಗಳು ಉದುರತೊಡಗಿದವು. ಸರಕಾರ ಬೇಸತ್ತು ಹೊಸ ನಿಯಮ ತಂದಿತು: ಯಾರನ್ನು ಉಲ್ಲೇಖಿಸುತ್ತೀರೋ ಅವರೇ 'ಹೌದು, ಇದು ನನ್ನ ಮಾತು' ಎನ್ನಬೇಕು. ಸತ್ತವರ ಪರವಾಗಿ ಅವರ ಬರಹವನ್ನು ಸಾಕ್ಷಿಯೇ ಓದಿ ನೋಡುತ್ತದೆ. ಬದುಕಿರುವವರಿಗೆ ಫೋನು ಮಾಡುತ್ತದೆ. 

ಪ್ರಾಧ್ಯಾಪಕರು ಇದಕ್ಕೆ ಬೇಗ ಹೊಂದಿಕೊಂಡರು. ಪ್ರತಿ ಉಲ್ಲೇಖಕ್ಕೂ ಒಂದು ಅಂಕ, ಅಂಕಕ್ಕೆ ತಕ್ಕ ಬಡ್ತಿ. ಹೀಗಿರುವಾಗ ಫೋನೆತ್ತಿ ಪ್ರಶ್ನೆ ಕೇಳುತ್ತ ಕೂರುವವರಾರು? ಸಾಕ್ಷಿಯಿಂದ ಏನೇ ಬಂದರೂ 'ಹೌದು' ಎಂದುಬಿಡುವಂತೆ ಎಲ್ಲರೂ ತಮ್ಮ ಫೋನುಗಳಿಗೆ ಹೇಳಿಟ್ಟಿದ್ದರು.

ಫಕೀರವ್ವ ಅತ್ತೆ ಫೋನಿಗೆ ಹಾಗೇನೂ ಹೇಳಿಟ್ಟಿರಲಿಲ್ಲ. ಅವಳು ತಾನೇ ಎತ್ತಿದಳು.

ಆದರೆ ಬೆಟಗೇರಿಯ ಫಕೀರವ್ವ ಅತ್ತೆ, ಅಂದರೆ ನೀಲಗಂಗಾಳ ಅಪ್ಪನ ತಂಗಿ, ಆಹಾರ ವಿಜ್ಞಾನದ ಪ್ರಬಂಧದೊಳಗೆ ಹೋದದ್ದು ಹೇಗೆ? ತಪ್ಪು ನೀಲಗಂಗಾಳದೇ. ಅಣ್ಣ ಮುತ್ತಣ್ಣನ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆಯ ಕೆಳಗೆ 'ಸುಖಾಗಮನ ಬಯಸುವವರು' ಎಂದು ಹಾಕುವ ಹೆಸರುಗಳ ಬಗ್ಗೆ ಮನೆಯಲ್ಲಿ ವಾರದಿಂದ ಕದನ ನಡೆದಿತ್ತು.

"ಒಬ್ಬರ ಹೆಸರೂ ಬಿಡಬ್ಯಾಡವಾ," ಎಂದು ಅವ್ವ ಹೇಳಿದ್ದಳು. "ಬಿಟ್ಟವರ ಎಲ್ಲಾರಿಗಿಂತ ಮೊದಲ ಬಂದು ಮುಂದಿನ ಸಾಲಿನ್ಯಾಗ ಕುಂಡರತಾರ."

ಅದೇ ವಾರ ಅವಳ ಗೈಡು ಪ್ರೊಫೆಸರ್ ಹಂಚಿನಾಳರೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರು: "ರೊಟ್ಟಿ ಬಗ್ಗೆ ಬರದವರನ್ನ ಒಬ್ಬರನ್ನೂ ಬಿಡಬ್ಯಾಡ. ಕಡತದಾಗ ಇದ್ದವರನ್ನೆಲ್ಲಾ ಹಾಕಿಬಿಡು. ಬಿಟ್ಟವರ ಪರೀಕ್ಷಕರಾಗಿ ಬರತಾರ."

ಅದು ಆ ವಿಭಾಗದ ಸಂಪ್ರದಾಯ. ಮುಖ್ಯವಾದ ಪ್ರತಿ ವಾಕ್ಯಕ್ಕೂ ಇಡೀ ಕಡತವನ್ನು ಕಟ್ಟಿಬಿಡುವುದು. ಯಾರಿಗೂ ಬೇಜಾರಾಗಬಾರದು. ಯಾರು ಏನು ಹೇಳಿದ್ದಾರೆ ಎಂದು ನೋಡುವುದು ಆಮೇಲಿನ ಮಾತು, ಸಾಮಾನ್ಯವಾಗಿ ಅದು ಬರುವುದೇ ಇಲ್ಲ.

ಎರಡು ಕಡೆಯೂ ಕೆಲಸ ಒಂದೇ ಎಂದು ನೀಲಗಂಗಾಳಿಗೆ ಹೊಳೆಯಿತು. ಹೆಸರು ಜೋಡಿಸುವುದು, ಎರಡೆರಡು ಸಲ ಬಂದದ್ದನ್ನು ತೆಗೆಯುವುದು, ಹಿರಿತನದ ಪ್ರಕಾರ ಇಡುವುದು. ಭಾನುವಾರ ಅವಳು ಸಾಕ್ಷಿಯಲ್ಲೇ 'ಲಗ್ನ' ಎಂದು ಕಡತ ತೆರೆದು ನೆಂಟರನ್ನೆಲ್ಲ ಫೋನ್ ನಂಬರು ಸಮೇತ ತುಂಬಿದಳು. ಸಂಜೆ ಪ್ರಬಂಧವನ್ನು ಪರಿಶೀಲನೆಗೂ ಪತ್ರಿಕೆಯನ್ನು ಅಚ್ಚಿಗೂ ಒಟ್ಟಿಗೆ ಕಳಿಸಿ, ಕೈತೊಳೆದುಕೊಂಡು, ಹಾಸ್ಟೆಲಿನ ಮೆಸ್ಸಿಗೆ ಊಟಕ್ಕೆ ಹೋದಳು. 'ಲಗ್ನ' ಕಡತ 'ಅಧ್ಯಾಯ ನಾಲ್ಕು' ಎಂಬ ಕಡತದ ಹೊಟ್ಟೆಯೊಳಗೆ ಹೋಗಿ ಕೂತದ್ದನ್ನು ನೋಡಲಿಲ್ಲ. ಸಾಕ್ಷಿಗೆ ನೆಂಟರೂ ವಿಜ್ಞಾನಿಗಳೂ ಒಂದೇ. ಅದು ಇಬ್ಬರಿಗೂ ಎರಡೂ ವಿಷಯಕ್ಕೆ ಫೋನು ಮಾಡಿತು.

ನೆಂಟರಲ್ಲಿ ಬಹಳ ಜನ ಗುರುತಿಲ್ಲದ ನಂಬರೆಂದು ಎತ್ತಲೇ ಇಲ್ಲ. ಅತ್ತೆ ಎತ್ತಿದಳು.

ಸಂಜೆ ನೀಲಗಂಗಾ ಬೆಟಗೇರಿಗೆ ಓಡಿದಳು. ಅತ್ತೆ ಇನ್ನೂ ಶೇಂಗಾದ ಮುಂದೆಯೇ ಇದ್ದಳು.

"ಬಾರವಾ ನೀಲಾ. ಯಾವಾಕಿನೋ ಫೋನ್ ಮಾಡಿದ್ಲು ನೋಡು, ಭಾಳ ನಯವಾಗಿ ಮಾತಾಡ್ತಾಳ. ಖಡಕ್ ರೊಟ್ಟಿ ಹತ್ತ ತಿಂಗಳು ಕೆಡೂದಿಲ್ಲ ಅಂತ ನೀವು ಹೇಳೀರಿ, ಹೌದೋ ಅಲ್ಲೋ ಅಂದ್ಲು. ಇಲ್ಲವಾ, ನಾ ಯಾವಾಗ ಹೇಳೀನಿ ಅಂದೆ."

"ಹೌದು ಅಂದಬಿಡಬೇಕಿತ್ತಬೇ ಅತ್ತಿ!"

"ಯಾಕನ್ನಲಿ? ನಾಳೆ ಚಂದ್ರನ ಮ್ಯಾಲೆ ಕುಂತಾವ ಯಾವನೋ ಬೂಸು ಹಿಡದ ರೊಟ್ಟಿ ತಿಂದು, ಹೊಟ್ಟಿ ಹಿಡಕೊಂಡು, ಯಾರ ಹೇಳಿದ್ರು ಇದನ್ನ ಅಂತ ಕೇಳಿದ್ರ? ಬೆಟಗೇರಿ ಫಕೀರವ್ವನ ಹೆಸರು ಹೇಳ್ತೀಯೇನ?"

"ಹೋಗ್ಲಿ, ಹತ್ತು ತಿಂಗಳು ಇರತಾವೋ ಇಲ್ಲೋ? ಅದನ್ನರ ಹೇಳು."

"ನಂಗೇನ ಗೊತ್ತು? ಉಳದಿದ್ರ ಗೊತ್ತಾಗ್ತಿತ್ತು. ನಮ್ಮನ್ಯಾಗ ಹತ್ತ ದಿನಾ ಉಳದಿಲ್ಲ. ನಿಮ್ಮ ಮಾವ, ಮೂರು ಗಂಡಮಕ್ಕಳು, ಮ್ಯಾಲೆ ಸೂಟಿಗೆ ಬರಾಕಿ ನೀನು. ಡಬ್ಬಿ ತಳಾ ನೋಡಿದ ಮ್ಯಾಲೇ ಊರಿಗೆ ಹೋಗ್ತಿದ್ದಿ." ಅತ್ತೆ ಒಂದು ಹಿಡಿ ಶೇಂಗಾ ಅವಳ ಕೈಗೆ ಹಾಕಿದಳು. "ತಿನ್ನು. ಹೌದನ್ನಾಕ ಮಾತ್ರ ಹೇಳಬ್ಯಾಡ."

ಮರುದಿನ ಬೆಳಿಗ್ಗೆ ಹಂಚಿನಾಳರು ಸುದ್ದಿ ಕೇಳಿ ನಕ್ಕರು. ಅವರು ದಪ್ಪನೆಯ, ಸಂತೋಷದ ಮನುಷ್ಯ. ನಕ್ಕರೆ ಕುರ್ಚಿಯೂ ನಗುತ್ತಿತ್ತು.

"ಇಷ್ಟಕ್ಕ ಮಾರಿ ಸಣ್ಣ ಮಾಡ್ಕೊಂಡಿಯಾ? ನಿಮ್ಮತ್ತಿ ಹೆಸರು ತಗದ ಹಾಕು. ಮುಗೀತು."

"ತೆಗದೆ ಸರ್. ಕೆಂಪು ಹೋಗವಲ್ದು."

ಹಂಚಿನಾಳರು ಕನ್ನಡಕ ಹಾಕಿಕೊಂಡು ಪರದೆ ನೋಡಿದರು. ನಿಯಮದ ಸಣ್ಣ ಅಕ್ಷರಗಳಲ್ಲಿ ಅದಿತ್ತು. ಒಂದು ಮಾತಿಗೆ ಯಾರೇ ಒಬ್ಬರು 'ಇಲ್ಲ' ಎಂದ ಮೇಲೆ, 'ನಾನು ಹೇಳಿದ್ದೇನೆ' ಎನ್ನುವವರು ಎಷ್ಟು ಜನ ಬಂದರೂ ಸಾಲದು. 'ನಾನು ಅಳೆದಿದ್ದೇನೆ' ಎನ್ನುವವರು ಒಬ್ಬರಾದರೂ ಬೇಕು. ಈ ನಿಯಮ ಇದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಯಾಕೆಂದರೆ ಇದುವರೆಗೆ ಯಾರೂ 'ಇಲ್ಲ' ಎಂದಿರಲಿಲ್ಲ.

"ಅಳದವರು ಯಾರರ ಇರ್ತಾರ ಬಿಡು," ಎಂದರು ಹಂಚಿನಾಳರು. "ಇಷ್ಟು ಮಂದಿ ಬರದಾರಂದ್ರ ಸುಮ್ಮನ ಬರದಾರೇನು? ಎಲ್ಲಾರಿಗೂ ಪತ್ರ ಹಾಕು."

"ನೀವೂ ಬರದೀರಿ ಸರ್. ನೀವು ಅಳದೀರೇನ್ರಿ?"

"ನಾನ?" ಕುರ್ಚಿ ನಗುವುದನ್ನು ನಿಲ್ಲಿಸಿತು. "ನಾ ಯಾಕ ಅಳೀಲಿ? ನಾ ಉಲ್ಲೇಖ ಮಾಡೀನಿ."

ನೀಲಗಂಗಾ ಸಾಕ್ಷಿಯ ಮೂಲಕವೇ ಪತ್ರ ಹಾಕಿದಳು. 'ಮಾನ್ಯರೇ, ಹತ್ತು ತಿಂಗಳೆಂಬುದನ್ನು ತಾವು ಅಳೆದಿರಾ, ಅಥವಾ ಬೇರೆಯವರಿಂದ ಪಡೆದಿರಾ?' ಉತ್ತರಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಬಂದವು. ಎಲ್ಲರದೂ ಒಂದೇ: 'ಹೌದು.'

ಬುಧವಾರ ಲಗ್ನಪತ್ರಿಕೆಗಳು ಅಚ್ಚಾಗಿ ಬಂದವು. ಅವ್ವ ಅರಿಶಿನ ಹಚ್ಚಲು ಒಂದನ್ನು ಬಿಡಿಸಿದಳು, ಓದಿದಳು, ಮತ್ತೆ ಓದಿದಳು. ಅಷ್ಟರಲ್ಲಿ ದೊಡ್ಡಪ್ಪ ಚನ್ನವೀರಪ್ಪ ತನ್ನ ಪಾಲಿನ ಪತ್ರಿಕೆ ಹಿಡಿದುಕೊಂಡು ಬಂದೇಬಿಟ್ಟ. ಸಾಕ್ಷಿ ತನ್ನ ಪದ್ಧತಿಯಂತೆ ಉದ್ದ ಹೆಸರಪಟ್ಟಿಗಳನ್ನು ಕತ್ತರಿಸಿತ್ತು. ಅವನ ಮನೆಯವರೆಲ್ಲರ ಬದಲು 'ಚನ್ನವೀರಪ್ಪ ಮತ್ತು ಇತರರು' ಎಂದಷ್ಟೇ ಇತ್ತು.

"ನನ್ನ ಹೇಣ್ತಿ ಇತರರೇನ? ನನ್ನ ಸೊಸಿ ಇತರರೇನ?"

"ಮಿಷನ್ ತಪ್ಪರಿ ಭಾವಾರ, ಒಳಗ ಬರ್ರಿ, ಚಾ ಕುಡೀರಿ," ಎಂದು ಅವ್ವ ಬೇಡಿಕೊಂಡಳು.

"ಇರ್ಲಿ. ಈ ಮೈಸೂರಿನ ಡಾಕ್ಟರ್ ಕೇಶವಮೂರ್ತಿ ಯಾರು? ನನ್ನ ಮ್ಯಾಲೆ ಹಾಕೀರಲ್ಲ, ನನಕಿಂತ ಹತ್ತಿರದ ಬೀಗರೇನು?"

ನೀಲಗಂಗಾ ಪತ್ರಿಕೆ ಕಸಿದುಕೊಂಡು ನೋಡಿದಳು. ದೊಡ್ಡಪ್ಪನ ಮೇಲೆ ಕೇಶವಮೂರ್ತಿ, ಸೋದರಮಾವನ ಪಕ್ಕ ಡಾ. ಸುಲೋಚನಾ ಕಾಮತ್, ಅವರ ಕೆಳಗೆ ಡಾ. ದೇಶಮಾನೆ. ಇನ್ನೂ ಕೆಳಗೆ ಅವಳ ಗೈಡು. ಜೋಳದ ರೊಟ್ಟಿಯ ಮೇಲೆ ಲೇಖನ ಬರೆದ ಸಮಸ್ತರೂ ಮುತ್ತಣ್ಣನ ಮದುವೆಗೆ ಸುಖಾಗಮನ ಬಯಸಿದ್ದರು. ಅವಳು ಮೊದಲು ತಲೆ ಹಿಡಿದುಕೊಂಡಳು, ಆಮೇಲೆ ನಗು ತಡೆಯಲಾಗದೆ ಒಳಗೆ ಓಡಿದಳು. ಮತ್ತೆ ಅಚ್ಚು ಹಾಕಿಸಲು ಸಮಯವಿರಲಿಲ್ಲ. ಅವ್ವ ದೊಡ್ಡಪ್ಪನ ಮನೆಗೆ ಹೋಗಿ ಎಲ್ಲರ ಹೆಸರು ಕೂಗಿ ಕೂಗಿ ಕರೆದು, ಮುನಿಸು ಇಳಿಸಿ ಬಂದಳು.

ಹೆಸರು ಅಚ್ಚಾಯಿತು, ಅಷ್ಟಕ್ಕೆ ಮುಗಿಯಿತೆಂದು ನೀಲಗಂಗಾ ತಿಳಿದಿದ್ದಳು. ಆದರೆ ಆ ಪ್ರಾಧ್ಯಾಪಕರ ಫೋನುಗಳು 'ಹೌದು' ಎಂದದ್ದಷ್ಟೇ ಅಲ್ಲ; ದಿನಾಂಕ ಕಂಡ ಕೂಡಲೇ ರೈಲಿನ ಟಿಕೆಟನ್ನೂ ತೆಗೆಸಿದ್ದವು. ತಾವು ಎಲ್ಲಿಗೆ ಹೊರಟಿದ್ದೇವೆಂದು ನಿಲ್ದಾಣದಲ್ಲಿ ಇಳಿದ ಮೇಲೆ ನೋಡಿಕೊಳ್ಳುವುದು ದೊಡ್ಡ ವಿದ್ವಾಂಸರ ಅಭ್ಯಾಸ.

ಮದುವೆಯ ದಿನ ಕಲ್ಯಾಣ ಮಂಟಪದ ಬಾಗಿಲಲ್ಲಿ ಬಿಳಿ ಕೂದಲಿನ, ಕೈಯಲ್ಲಿ ಲ್ಯಾಪ್‌ಟಾಪ್ ಚೀಲ ಹಿಡಿದ ಒಬ್ಬರು ನಿಂತಿದ್ದರು. ಗುಲಾಬಿ ನೀರು ಚಿಮುಕಿಸುತ್ತಿದ್ದ ಹುಡುಗಿಯರನ್ನು ಕೇಳುತ್ತಿದ್ದರು: "ರಿಜಿಸ್ಟ್ರೇಷನ್ ಇಲ್ಲೇ ಏನಮ್ಮಾ? ನಂದು ಎಷ್ಟೊತ್ತಿಗೆ ಮಾತು?"

ನೀಲಗಂಗಾ ಫೋಟೋದಲ್ಲಿ ನೋಡಿದ ಮುಖ. ಓಡಿ ಹೋದಳು. "ಕೇಶವಮೂರ್ತಿ ಸರ್! ಇದು ಸಮ್ಮೇಳನ ಅಲ್ರಿ ಸರ್. ನಮ್ಮಣ್ಣನ ಮದುವಿ."

ಅವರು ಚಪ್ಪರ ನೋಡಿದರು, ಮದುಮಗನನ್ನು ನೋಡಿದರು. "ಹಾಗೋ! ನಾನೂ ಅಂದ್ಕೊಂಡೆ, ಈ ಸಲ ವಾಲಗದವರನ್ನೂ ಕರೆಸಿದಾರಲ್ಲಾ ಅಂತ. ಊಟ ಇದೆ ತಾನೆ?"

"ಐತ್ರಿ ಸರ್."

"ಸರಿ ಹಾಗಾದ್ರೆ. ಸಮ್ಮೇಳನಕ್ಕಿಂತ ವಾಸಿ."

ಅಕ್ಕಿಕಾಳು ಬೀಳುವುದರೊಳಗೆ ಕಾಮತ್ ಮೇಡಂ ಬಂದರು, ದೇಶಮಾನೆಯವರು ಬಂದರು. ಹಂಚಿನಾಳರು ಮಾತ್ರ ಮದುವೆಗೆಂದೇ ಬಂದಿದ್ದರು. ಪತ್ರಿಕೆಯಲ್ಲಿ ಹೆಸರಿದ್ದವರಲ್ಲವೇ ಎಂದು ಅವ್ವ ನಾಲ್ವರನ್ನೂ ಮೊದಲ ಪಂಕ್ತಿಯಲ್ಲಿ ಒತ್ತೊತ್ತಾಗಿ ಕೂರಿಸಿದಳು. ಬಾಳೆ ಎಲೆ ಬಂತು, ಎಣ್ಣೆಗಾಯಿ ಬಂತು, ಶೇಂಗಾ ಚಟ್ನಿ ಬಂತು. ಆಮೇಲೆ ಖಡಕ್ ರೊಟ್ಟಿ ಬಂತು. ನಾಲ್ವರು ವಿದ್ವಾಂಸರೂ ಒಟ್ಟಿಗೆ ಕಡಿದಾಗ ಪಂಕ್ತಿಯಲ್ಲಿ ಹಂಚು ಒಡೆದ ಸದ್ದಾಯಿತು.

ತಿಂಗಳ ಕೊನೆ ಹತ್ತಿರವಿತ್ತು. ಇಂಥ ಅವಕಾಶ ಮತ್ತೆ ಬರುವುದಿಲ್ಲ. ಎದುರಿಗೇ ಕೂತು ರೊಟ್ಟಿ ಅಗಿಯುತ್ತಿರುವವರ ಪರವಾಗಿ ಫೋನು ಉತ್ತರ ಕೊಡುವಂತಿಲ್ಲ. ನೀಲಗಂಗಾ ತುಪ್ಪದ ಪಾತ್ರೆ ಇಸಿದುಕೊಂಡು ಬಡಿಸುವವಳಂತೆ ಸಾಲಿನ ಮುಂದೆ ನಿಂತಳು.

"ಸರ್, ರೊಟ್ಟಿ ಹತ್ತು ತಿಂಗಳು ಕೆಡೂದಿಲ್ಲ ಅಂತ ನೀವು ಬರದೀರಲ್ಲ, ಎಲ್ಲಿಂದ ತಗೊಂಡ್ರಿ?" ಎಂದು ಮೊದಲು ಹಂಚಿನಾಳರನ್ನೇ ಕೇಳಿದಳು.

ಹಂಚಿನಾಳರು ಬಲಕ್ಕೆ ತೋರಿಸಿದರು. "ನಮ್ಮ ಕೇಶವಮೂರ್ತಿಯವರ ಮಾತು. ಅಡಿಟಿಪ್ಪಣಿ ಹಾಕೀನಲ್ಲ, 'ಖುದ್ದು ಮಾತುಕತೆ' ಅಂತ."

"ನಾನಾ?" ಎಂದರು ಕೇಶವಮೂರ್ತಿ, ಎಣ್ಣೆಗಾಯಿ ಬಿಡಿಸುತ್ತ. "ನಾನು ಅಳೆದಿಲ್ಲಪ್ಪ. ನಮ್ಮ ಕಡೆ ಮುದ್ದೆ. ಅದು ಮೂರು ಹೊತ್ತಿಗೆ ಹಳಸತ್ತೆ, ಅಳೆಯೋ ತಾಪತ್ರಯ ಇಲ್ಲ. ಹತ್ತು ತಿಂಗಳು ಕಾಮತ್ ಅವರದ್ದು."

ಕಾಮತ್ ಮೇಡಂ ತುಪ್ಪಕ್ಕೆ ಎಲೆ ಮುಂದೆ ಮಾಡಿದರು. "ನನ್ನದಲ್ಲ ಮಾರಾಯ್ತಿ, ನನ್ನ ಪುಸ್ತಕದಲ್ಲಿ ಸ್ಪಷ್ಟವಾಗಿ ಉಂಟು, ದೇಶಮಾನೆಯವರಿಂದ ಅಂತ. ಹಾಕು, ಇನ್ನೊಂದು ಚಮಚ."

ದೇಶಮಾನೆಯವರ ಬಲಕ್ಕೆ ಯಾರೂ ಇರಲಿಲ್ಲ, ಕಂಬವಿತ್ತು. ಅವರು ಅದನ್ನೊಮ್ಮೆ ನೋಡಿ, ಎಲೆಯ ಮೇಲೆ ಮುಂದಕ್ಕೆ ಬಾಗಿ, ಸಾಲಿನ ಆ ತುದಿಗೆ ಬೆರಳು ಮಾಡಿದರು. "ನಾ ಹಂಚಿನಾಳರ ಹಳೇ ಲೇಖನದಾಗ ಓದಿದ್ದೆರಿ. ಅವರ ಮಾತು ಅಂದಮ್ಯಾಲೆ ನೋಡೂದೇನೈತಿ?"

ಎಲ್ಲರೂ ಹಂಚಿನಾಳರ ಕಡೆ ತಿರುಗಿದರು. ಹಂಚಿನಾಳರು ಕೇಶವಮೂರ್ತಿಯವರ ಕಡೆ ತಿರುಗಿದರು. ಮತ್ತೊಂದು ಸುತ್ತು ಹೊಡೆಯುವುದರಲ್ಲಿ ಅರ್ಥವಿಲ್ಲವೆಂದು ನಾಲ್ವರಿಗೂ ಹೊಳೆಯಿತು. ನಾಲ್ವರೂ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದರು.

ಎದುರು ಪಂಕ್ತಿಯಿಂದ ಫಕೀರವ್ವ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. "ಏನ ಇದು, ಕಣ್ಣಾಮುಚ್ಚಾಲಿ ಆಡಾಕತ್ತೀರಿ? ಕಳ್ಳನ್ನ ಹುಡುಕೂದ ಬಿಟ್ಟು ಎಲ್ಲಾರೂ ಕಣ್ಣು ಮುಚ್ಕೊಂಡ ನಿಂತೀರಲ್ಲ!"

ಮೊದಲು ನಕ್ಕದ್ದು ಕೇಶವಮೂರ್ತಿ. ಆಮೇಲೆ ಕಾಮತ್ ಮೇಡಂ. ಕೊನೆಗೆ ಹಂಚಿನಾಳರೂ ನಕ್ಕರು. ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿ ಕಿರ್ರೆಂದಿತು.

"ನೀವು ನಗ್ರಿ," ಎಂದಳು ನೀಲಗಂಗಾ. ಅವಳಿಗೆ ನಗು ಬರಲಿಲ್ಲ. "ತಿಂಗಳ ಕೊನಿಗೆ ನನ್ನ ಐದು ವರ್ಷ ಕಸದ ಬುಟ್ಟಿಗೆ. ಅಳೀಬೇಕಂದ್ರ ನಂಗ ಟೈಮಿಲ್ಲ. ಅಳೀಲಿಲ್ಲಂದ್ರ ಕೆಂಪು ಹೋಗೂದಿಲ್ಲ."

ಹೋಳಿಗೆ ಹಿಡಿದು ಬಂದವನು ಸಂದರ್ಭ ನೋಡಿ ಹಿಂದೆ ಸರಿದ. ಕಾಮತ್ ಮೇಡಂ ಅವನನ್ನು ವಾಪಸ್ಸು ಕರೆದರು.

"ಟೈಮ್ ಕೊಡೋರು ಯಾರು?" ಎಂದು ಕೇಶವಮೂರ್ತಿ ಕೇಳಿದರು.

"ಸಂಶೋಧನಾ ಮಂಡಳಿ," ಎಂದರು ಹಂಚಿನಾಳರು.

"ಅದರಲ್ಲಿ ಇರೋರು ಯಾರು?"

ಹಂಚಿನಾಳರು ಸುತ್ತ ನೋಡಿದರು. "ನಾವ."

ಅವರು ಅವಧಿ ವಿಸ್ತರಿಸಿದ್ದು ದೊಡ್ಡ ಮನಸ್ಸಿನಿಂದ ಎಂದು ನೀಲಗಂಗಾ ಆಗಲೂ ನಂಬಲಿಲ್ಲ, ಆಮೇಲೂ ನಂಬಲಿಲ್ಲ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ವೃತ್ತಾಕಾರವಾಗಿ ನಿಂತಿದ್ದೇವೆಂಬ ಸುದ್ದಿ ಬಾಹ್ಯಾಕಾಶ ಇಲಾಖೆಗೆ ಹೋಗುವ ಮೊದಲು ಯಾರಾದರೂ ಅಳೆದುಬಿಟ್ಟರೆ ನಾಲ್ವರಿಗೂ ಒಳ್ಳೆಯದಿತ್ತು. ಕಾರಣ ಏನೇ ಇರಲಿ, ಹೋಳಿಗೆ ಮುಗಿಯುವುದರೊಳಗೆ ಅವಳಿಗೆ ಆರು ತಿಂಗಳು ಸಿಕ್ಕಿತು. ನೌಕರಿಯನ್ನು ಇಲಾಖೆ ಅಷ್ಟು ದಿನ ಹಿಡಿದಿಡುವಂತೆ ಬರೆಯುವ ಹೊಣೆ ಕಾಮತ್ ಮೇಡಂ ಹೊತ್ತರು.

ಹತ್ತು ತಿಂಗಳನ್ನು ಆರು ತಿಂಗಳಲ್ಲಿ ಅಳೆಯುವುದು ಕಷ್ಟವೇನಲ್ಲ. ಬಿಸಿಯನ್ನೂ ಗಾಳಿಯ ತೇವವನ್ನೂ ಹೆಚ್ಚಿಸಿದ ಪೆಟ್ಟಿಗೆಯೊಳಗೆ ಇಟ್ಟರೆ ರೊಟ್ಟಿ ಬೇಗ ಮುದಿಯಾಗುತ್ತದೆ. ಅಲ್ಲಿಯ ಒಂದು ವಾರ ಹೊರಗಿನ ಒಂದು ತಿಂಗಳಿಗೆ ಸಮ. ಅದರ ಜೊತೆಗೆ ಒಂದಷ್ಟು ರೊಟ್ಟಿಗಳನ್ನು ಹೊರಗೂ ಇಟ್ಟು ಎರಡನ್ನೂ ತಾಳೆ ನೋಡಬೇಕು.

ಕಷ್ಟ ಬೇರೆಯೇ ಇತ್ತು. ಮೊದಲ ಸಲ ಇಟ್ಟ ರೊಟ್ಟಿಗಳು ಶುಕ್ರವಾರದೊಳಗೆ ಮಾಯವಾದವು. ಎರಡನೇ ಸಲ ಡಬ್ಬಿಯ ಮೇಲೆ 'ವಿಷ' ಎಂದು ಬರೆದಿಟ್ಟಳು. ಸೋಮವಾರ ಬಂದು ನೋಡಿದರೆ ರೊಟ್ಟಿಯೂ ಇಲ್ಲ, ಪಕ್ಕದ ಟೇಬಲ್ಲಿನ ಮೇಲೆ ಶೇಂಗಾ ಚಟ್ನಿಯ ಪುಡಿ ಚೆಲ್ಲಿತ್ತು. ಅವಳು ಇಡೀ ಲ್ಯಾಬನ್ನು ಸಾಲಾಗಿ ನಿಲ್ಲಿಸಿ ಬೈದಳು.

"ಸಾರಿ ಅಕ್ಕಾ," ಎಂದ ಒಬ್ಬ ಜೂನಿಯರ್. "ವಿಷ ಅಂತ ಬರದಿದ್ದು ನೋಡಿದ್ವಿ. ಆದ್ರ ಹಂಚಿನಾಳ ಸರ್ ತಿಂದ ಮ್ಯಾಲೂ ಆರಾಮಿದ್ರು."

ಇದುವರೆಗೆ ಯಾರೂ ಯಾಕೆ ಅಳೆದಿರಲಿಲ್ಲ ಎಂಬುದು ನೀಲಗಂಗಾಳಿಗೆ ಆಗ ಸರಿಯಾಗಿ ತಿಳಿಯಿತು. ಸೋಮಾರಿತನ ಅರ್ಧ ಕಾರಣ, ಉಳಿದರ್ಧ ಹಸಿವು. ಅವಳು ಪೇಟೆಗೆ ಹೋಗಿ ದೊಡ್ಡ ಬೀಗ ತಂದು ಪೆಟ್ಟಿಗೆಗೆ ಜಡಿದಳು. ಕೀಲಿ ತನ್ನ ಕೊರಳಲ್ಲೇ ಇಟ್ಟುಕೊಂಡಳು. ಗೈಡು ಕೇಳಿದರೂ ಕೊಡಲಿಲ್ಲ.

ಉತ್ತರ ಸಿಕ್ಕಿತು. ರೊಟ್ಟಿಗೆ ಬೂಸು ಹಿಡಿಯಲೇ ಇಲ್ಲ. ಅಷ್ಟರಮಟ್ಟಿಗೆ ಜನರ ನಂಬಿಕೆ ಸರಿ. ಆದರೆ ಜೋಳದೊಳಗಿನ ಎಣ್ಣೆಯಂಶ ಆರು ತಿಂಗಳ ಮೇಲೆ ಕಮಟತೊಡಗಿತು. ನೋಡಲು ನೆಟ್ಟಗೆ, ಮುರಿದರೆ ಅದೇ ಸದ್ದು. ಬಾಯಿಗೆ ಹಾಕಿದರೆ ಹಳೇ ದೀಪದ ಬತ್ತಿ. ಹತ್ತಲ್ಲ, ಆರು. ಅವಳ ಹೊದಿಕೆಯಲ್ಲಿ ಸುತ್ತಿದರೆ ಹನ್ನೆರಡು. ಇಪ್ಪತ್ತು ತಿಂಗಳ ರೊಟ್ಟಿಯೆಂದು ಇಲಾಖೆ ಚಂದ್ರನಿಗೆ ಸಾಗಿಸಲು ಯೋಚಿಸಿದ್ದ ಮೂಟೆಗಳು ಈಗ ವರ್ಷಕ್ಕೊಮ್ಮೆ ಬದಲಾಗುವ ಸಣ್ಣ ಮೂಟೆಗಳಾದವು. ಮೇಲಿದ್ದವರು ದೀಪದ ಬತ್ತಿ ತಿನ್ನುವುದು ತಪ್ಪಿತು.

ಮೌಖಿಕ ಪರೀಕ್ಷೆಗೆ ಕೇಶವಮೂರ್ತಿಯವರೇ ಬಂದರು. ಅವರ ಹೆಸರನ್ನು ಪ್ರಬಂಧದಲ್ಲಿ ಬಿಟ್ಟಿರಲಿಲ್ಲ. ಹತ್ತು ತಿಂಗಳ ಸುತ್ತು ಹೇಗೆ ತಿರುಗಿತೆಂಬ ಚಿತ್ರದಲ್ಲಿ ನಾಲ್ವರ ಹೆಸರೂ ದುಂಡಗೆ ಬಂದಿತ್ತು. ಅವರು ಆ ಪುಟವನ್ನು ಸ್ವಲ್ಪ ಹೊತ್ತು ನೋಡಿದರು.

"ಚಿತ್ರ ಚೆನ್ನಾಗಿದೆ," ಎಂದರು. "ಸರಿ, ಆರು ತಿಂಗಳಿಗೆ ಕಮಟತ್ತೆ ಅಂತೀಯ. ಯಂತ್ರ ಹೇಳಿದ್ದು ಬೇಡ. ನನಗೆ ಹೇಗೆ ಗೊತ್ತಾಗಬೇಕು?"

ನೀಲಗಂಗಾ ಕೊರಳಿನ ಕೀಲಿ ತೆಗೆದು ಪೆಟ್ಟಿಗೆ ತೆರೆದಳು. ಪೆಟ್ಟಿಗೆಯ ಲೆಕ್ಕದಲ್ಲಿ ಎಂಟು ತಿಂಗಳ ಪ್ರಾಯದ ರೊಟ್ಟಿಯೊಂದನ್ನು ತಟ್ಟೆಯಲ್ಲಿಟ್ಟು ಅವರ ಮುಂದೆ ಸರಿಸಿದಳು. ಹಂಚಿನಾಳರು ಮುಖ ಪಕ್ಕಕ್ಕೆ ತಿರುಗಿಸಿದರು. ಅವರಿಗೆ ಅದರ ರುಚಿಯನ್ನು ಅವಳು ಆಗಲೇ ತೋರಿಸಿದ್ದಳು.

ಕೇಶವಮೂರ್ತಿ ದೊಡ್ಡ ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು. ಹುಬ್ಬು ಒಂದು ಕಡೆ ಹೋಯಿತು, ಮೀಸೆ ಇನ್ನೊಂದು ಕಡೆ.

"ಥೂ! ಕಮಟು!"

ಮೇಜಿನ ಮೇಲಿದ್ದ ಅವರ ಫೋನು ಗುಂಯ್ಗುಟ್ಟಿತು. ಪರೀಕ್ಷೆಯ ಮಾತುಗಳನ್ನೆಲ್ಲ ದಾಖಲಿಸುತ್ತಿದ್ದ ಸಾಕ್ಷಿ ಕೇಳುತ್ತಿತ್ತು: ಈ ಮಾತು ನಿಮ್ಮದು ಹೌದೋ ಅಲ್ಲವೋ? ಫೋನು ತಾನಾಗಿ ಉತ್ತರ ಕೊಡುವ ಮೊದಲೇ ಕೇಶವಮೂರ್ತಿ ಅದನ್ನು ಕಸಿದು ಬಾಯಿಯ ಹತ್ತಿರ ಹಿಡಿದರು.

"ಹೌದಮ್ಮಾ, ನಂದೇ. ತಿಂದು ಹೇಳ್ತಾ ಇದೀನಿ!" ಎಂದು ಕೂಗಿದರು. ಆಮೇಲೆ ನೀಲಗಂಗಾಳ ಕಡೆ ಕೈ ಚಾಚಿದರು. "ಡಾಕ್ಟರೇ, ಮೊದಲು ಸ್ವಲ್ಪ ನೀರು ಕೊಡಿ."